ಸಹಾಯ ಬೇಕು: ಲೇಡಿ ಮ್ಯಾಕ್‌ಬೆತ್ ಪಾತ್ರದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡ ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಆಡುತ್ತಿದೆ. ನನಗೆ ಲೇಡಿ ಮ್ಯಾಕ್‌ಬೆತ್ ಪಾತ್ರ. ಎರಡನೇ ಅಂಕದ ಎರಡನೇ ದೃಶ್ಯ ಕೈಗೆ ಸಿಗುತ್ತಿಲ್ಲ.

ಡಂಕನ್ ರಾಜನ ಕೊಲೆ ರಂಗದ ಮೇಲೆ ನಡೆಯೋದೇ ಇಲ್ಲ. ಗಂಡ ಮ್ಯಾಕ್‌ಬೆತ್ ಕೊಲ್ಲಲು ಒಳಗೆ ಹೋಗಿದ್ದಾನೆ, ಇವಳು ಹೊರಗೆ ಕಾಯುತ್ತಾಳೆ, ಗೂಬೆ ಕೂಗಿದರೂ ಬೆಚ್ಚುತ್ತಾಳೆ. ಮಲಗಿದ್ದ ರಾಜ ನನ್ನ ಅಪ್ಪನ ಹಾಗೆ ಕಾಣದಿದ್ದರೆ ನಾನೇ ಮುಗಿಸುತ್ತಿದ್ದೆ ಅನ್ನುತ್ತಾಳೆ. ನಿರ್ದೇಶಕರು ಪೂರ್ತಿ ಕಲ್ಲುಮನಸ್ಸಿನವಳಾಗಿ ಮಾಡಿ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅವಳ ಅಳುಕು ಆ ಮಾತಲ್ಲೇ ಶುರುವಾಗಿದೆ ಅಲ್ವಾ? ಆಮೇಲೆ ಗಂಡ ಗಾಬರಿಯಲ್ಲಿ ಕಠಾರಿಗಳನ್ನು ಕೈಯಲ್ಲೇ ಹಿಡಿದು ಬಂದಾಗ, ಅವನ್ನು ವಾಪಸ್ ಇಟ್ಟು, ತಪ್ಪು ಕಾವಲುಗಾರರ ಮೇಲೆ ಬರಲಿ ಅಂತ ಅವರಿಗೆ ರಕ್ತ ಬಳಿಯೋದಕ್ಕೆ ಇವಳೇ ಹೋಗಬೇಕು, ಅಂದರೆ ಆ ಮುಖವನ್ನು ಮತ್ತೆ ನೋಡಬೇಕು. ಕೈಯ ರಕ್ತ ತೊಳೆಯೋಕೆ ಸ್ವಲ್ಪ ನೀರು ಸಾಕು ಅಂದವಳು ಐದನೇ ಅಂಕದಲ್ಲಿ ನಿದ್ದೆಯಲ್ಲಿ ನಡೆಯುತ್ತಾ ಇಲ್ಲದ ಕಲೆ ಉಜ್ಜುತ್ತಾಳೆ.

ಕಷ್ಟ ಇಲ್ಲೇ ಇರೋದು. ಮೂರನೇ ಅಂಕದ ಔತಣದ ನಂತರ ಅವಳು ಅಲ್ಲಿಯವರೆಗೆ ಕಾಣಿಸುವುದೇ ಇಲ್ಲ. ಆ ನಡುವಿನ ಕುಸಿತವನ್ನು ಔತಣದ ಕೊನೆಯಲ್ಲೇ ತೋರಿಸಲಾ, ಹೇಗೆ?

ಇತಿಹಾಸದಲ್ಲೂ ಆಸರೆ ಸಿಗಲಿಲ್ಲ. ಸ್ಕಾಟ್ಲೆಂಡಿನ ನಿಜವಾದ ಡಂಕನ್ ಸತ್ತಿದ್ದು 1040ರಲ್ಲಿ, ಯುದ್ಧದಲ್ಲಿ. ಮ್ಯಾಕ್‌ಬೆತ್ 1057ರವರೆಗೆ ಆಳಿದ. ಹಾಗಾಗಿ ಮಲಗಿದ್ದವನನ್ನು ಕೊಂದ ಈ ಪಾಪಪ್ರಜ್ಞೆಯನ್ನು ನಾಟಕದ ಒಳಗೇ ಹುಡುಕಬೇಕು.

ಈ ಪಾತ್ರ ಮಾಡಿದವರು, ನೋಡಿದವರು ದಯವಿಟ್ಟು ಬರೆಯಿರಿ. ಕೊಲೆಯಾದ ಮೇಲೆ ಅದೇ ದೃಶ್ಯದಲ್ಲಿ ಬಾಗಿಲು ಬಡಿಯುವ ಸದ್ದು ಕೇಳಿದಾಗ ನೀವು ಏನು ಮಾಡಿದಿರಿ? ಡಿ.ವಿ.ಜಿ. ಮತ್ತು ರಾಮಚಂದ್ರ ದೇವ ಇಬ್ಬರ ಅನುವಾದಗಳಲ್ಲಿ ಯಾವುದು ಬಾಯಿಗೆ ಸಲೀಸು ಅಂತಲೂ ತಿಳಿಸಿ.