ಮೊದಲ ವರ್ಷವೇ ಹೂವಿನ ಕುಣಿತಕ್ಕೆ ಜೊತೆ ಸಿಕ್ಕವರು ಇದ್ದೀರಾ? ಅನುಭವ ಹೇಳಿ

ಹೊಸ ಜಮೀನು:
ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಕೃಷಿ ವಿಡಿಯೋ ಗೇಮ್ ಆಡೋಕೆ ಶುರು ಮಾಡಿ ಒಂದು ವಾರ ಆಯಿತು. ಆಟದಲ್ಲಿ ಈಗ ಮೊದಲ ವರ್ಷದ ವಸಂತ 12. ಹೂವಿನ ಕುಣಿತದ ಹಬ್ಬ 24ಕ್ಕೆ. ಊರಿನವರ ಜೊತೆ ಸ್ನೇಹ 4 ಹಾರ್ಟ್, ಅಂದರೆ 1,000 ಅಂಕ ಮುಟ್ಟಿದರೆ ಮಾತ್ರ ಅವರು ಜೊತೆಗೆ ಕುಣಿಯೋದು. ನನಗೆ ಆ ಊರಿನ ಪೆನ್ನಿ ಜೊತೆ ಕುಣಿಯಬೇಕು. 5ನೇ ತಾರೀಕಿನಿಂದ ದಿನಾ ಮಾತಾಡಿಸಿದ್ದೇನೆ, ಮೂರು ಡ್ಯಾಂಡೆಲಿಯನ್ ಹೂವು ಕೊಟ್ಟಿದ್ದೇನೆ. ಒಂದು ಹಾರ್ಟ್ ತುಂಬಿದೆ. ಕೈಯಲ್ಲಿ 1,800 ಗೋಲ್ಡ್ ಇದೆ. ನಾಳೆ ಮೊಟ್ಟೆ ಹಬ್ಬದಲ್ಲಿ ಅಷ್ಟಕ್ಕೂ ಸ್ಟ್ರಾಬೆರಿ ಬೀಜ ತಗೊಳ್ಳಲಾ, ಇಲ್ಲಾ ಉಡುಗೊರೆಗೆ ಇಟ್ಟುಕೊಳ್ಳಲಾ? 24ರೊಳಗೆ 4 ಹಾರ್ಟ್ ಮಾಡಿದವರು ಹೇಗೆ ಮಾಡಿದಿರಿ?

ಡ್ಯಾಫೊಡಿಲ್ ಬುಟ್ಟಿ:
ನನ್ನ ಕಥೆ ಕೇಳಿ. ನನಗೆ ಹೇಲಿ ಬೇಕಿತ್ತು. ಒಂದು ಗೋಲ್ಡೂ ಖರ್ಚಿಲ್ಲದೆ ಆಗಬೇಕಾದ ಕೆಲಸ ಅದು. ಹೇಲಿಗೆ ಡ್ಯಾಫೊಡಿಲ್ ಇಷ್ಟ, ವಸಂತದಲ್ಲಿ ದಾರಿಬದಿಯಲ್ಲೇ ಸಿಗುತ್ತೆ. ಅವಳ ಹುಟ್ಟುಹಬ್ಬ ವಸಂತ 14. ಆ ದಿನ ಉಡುಗೊರೆಗೆ ಎಂಟು ಪಟ್ಟು ಅಂಕ. 45 ಸಿಗೋ ಹೂವಿಗೆ 360! 13ರವರೆಗೆ ನಾಲ್ಕು ಹೂವು ಕೊಟ್ಟಿದ್ದೆ, ದಿನಕ್ಕೆ 20 ಅಂಕದಂತೆ ಹನ್ನೊಂದು ದಿನ ಮಾತಾಡಿಸಿದ್ದೆ. ಅಲ್ಲಿಗೆ 400 ಅಂಕ.

14ರ ಬೆಳಗ್ಗೆ ಅವಳ ಮನೆ ಹೊರಗೆ ಕಾದು ನಿಂತೆ. ಪರದೆಯ ಕೆಳಗಿನ ಸಾಮಾನಿನ ಸಾಲಿನಲ್ಲಿ ಡ್ಯಾಫೊಡಿಲ್ ಐದನೇ ಖಾನೆಯಲ್ಲಿತ್ತು, ಹಾರ್ಸ್‌ರ‍್ಯಾಡಿಶ್ ಅನ್ನೋ ಕಾಡುಗೆಡ್ಡೆ ಆರನೇದರಲ್ಲಿ. ಅವಳು ಬಾಗಿಲು ದಾಟಿ ಬಂದಳು. ಮೌಸ್ ಚಕ್ರ ಒಂದೇ ಒಂದು ಹಲ್ಲು ಜಾಸ್ತಿ ತಿರುಗಿತು. ಒತ್ತಿಬಿಟ್ಟೆ. ಹೇಲಿಗೆ ಹಾರ್ಸ್‌ರ‍್ಯಾಡಿಶ್ ಕಂಡರೆ ಆಗಲ್ಲ. ಮಾಮೂಲಿ ದಿನ ಆಗಿದ್ದರೆ 40 ಅಂಕ ಕಳೀತಿತ್ತು. ಹುಟ್ಟುಹಬ್ಬ ಅಲ್ವಾ, 320 ಹೋಯಿತು. ಹದಿಮೂರು ದಿನದ ಕೆಲಸದಲ್ಲಿ ಉಳಿದಿದ್ದು 80.

ಆಮೇಲೂ ಬಿಡಲಿಲ್ಲ. ಒಂಬತ್ತು ದಿನ ಮಾತು, ಮೂರು ಹೂವು. 24ಕ್ಕೆ 395. ಹೋಗಿ ಕೇಳಿದೆ, ಆಗಲ್ಲ ಅಂದಳು. ಬೇಲಿ ಪಕ್ಕ ನಿಂತು ಬೇರೆಯವರ ಕುಣಿತ ಪೂರ್ತಿ ನೋಡಿದೆ. ಆ ಒಂದು ಹೂವು ಸರಿಯಾಗಿ ಕೈಗೆ ಬಂದಿದ್ದರೆ 1,075 ಆಗುತ್ತಿತ್ತು. ಈ ಲೆಕ್ಕ ಎಷ್ಟು ಸಲ ಹಾಕಿದ್ದೇನೋ ನನಗೇ ಗೊತ್ತಿಲ್ಲ.

ಐದು ಬಾಟಲಿ:
ಹುಟ್ಟುಹಬ್ಬವೇ ದಾರಿ, ಅದು ನಿಜ. ಆದರೆ ನನ್ನ ಆಯ್ಕೆ ಶೇನ್. ಹುಟ್ಟುಹಬ್ಬ ವಸಂತ 20. ಅವನಿಗೆ ಬಿಯರ್ ಅಂದರೆ ಪ್ರಾಣ, ಒಂದಕ್ಕೆ 80 ಅಂಕ. 20ಕ್ಕೆ ಕೊಟ್ಟರೆ 640. ಸಲೂನ್ ಅನ್ನೋ ಬಾರ್ ನಡೆಸೋ ಗಸ್ ಹತ್ತಿರ ಬಿಯರ್ 400 ಗೋಲ್ಡ್. ನಾನು ಐದು ತಗೊಂಡೆ, 2,000. ಅದೇ ದುಡ್ಡಿಗೆ ದೊಡ್ಡ ಬ್ಯಾಗ್ ಬರುತ್ತಿತ್ತು. ಬ್ಯಾಗ್ ಬಿಟ್ಟೆ. ಇಡೀ ವಸಂತ ಹನ್ನೆರಡು ಖಾನೆಯಲ್ಲೇ ಕಳೆದೆ. ಗಣಿಯಲ್ಲಿ ತಾಮ್ರದ ಅದಿರು ತಗೊಳ್ಳೋಕೆ ಕಲ್ಲು ಬಿಸಾಡಬೇಕಾಯಿತು, ಕಲ್ಲು ಇಟ್ಟುಕೊಳ್ಳೋಕೆ ಮರದ ಅಂಟು ಬಿಸಾಡಬೇಕಾಯಿತು. 17ರ ರಾತ್ರಿ ಒಂದು ಅಮೆಥಿಸ್ಟ್ ಬಿಟ್ಟು ಬಂದಿದ್ದು ಇವತ್ತಿಗೂ ಚುಚ್ಚುತ್ತೆ.

ಆದರೆ 24ಕ್ಕೆ ಶೇನ್ ಹೂಂ ಅಂದ. ಕುಣಿದಿದ್ದಕ್ಕೆ ಇನ್ನೂ ಒಂದು ಹಾರ್ಟ್, ಅಂದರೆ 250 ಅಂಕ, ಹಾಗೇ ಬಂತು. ನಿಮಗೂ ಟೈಮ್ ಇದೆ. ಇವತ್ತು ಒಂದು, ಮುಂದಿನ ವಾರ ಒಂದು, 20ಕ್ಕೆ ಒಂದು, ಕೊನೆ ವಾರ ಎರಡು. ಅಷ್ಟಕ್ಕೇ 960. ನಡುವೆ ಮೂರು ದಿನ ಮಾತಾಡಿಸಿದರೆ 4 ಹಾರ್ಟ್ ದಾಟುತ್ತೆ. ಪೆನ್ನಿ ಮುಂದಿನ ವರ್ಷ ಆಗಲಿ.

ಹೊಸ ಜಮೀನು:
ಲೆಕ್ಕ ಚೆನ್ನಾಗಿದೆ, ಆದರೆ ನನಗೆ ಪೆನ್ನಿ ಜೊತೆಗೇ ಕುಣಿಯಬೇಕು.

ಹೂಕೋಸಿನ ಸಾಲು:
ಹುಟ್ಟುಹಬ್ಬ ಇಲ್ಲದೇನೂ ಆಗುತ್ತೆ. ನಾನು ಮಾರು ಅನ್ನೋ ಹುಡುಗಿ ಜೊತೆ ಕುಣಿದೆ, ಅವಳ ಹುಟ್ಟುಹಬ್ಬ ವಸಂತದಲ್ಲಿ ಬರೋದೇ ಇಲ್ಲ. ಅವಳಿಗೆ ಹೂಕೋಸು ತುಂಬಾ ಇಷ್ಟ. 5ನೇ ತಾರೀಕು ಮೊದಲ ಪಾರ್ಸ್ನಿಪ್ ಮಾರಿದ ದುಡ್ಡಲ್ಲಿ 8 ಹೂಕೋಸು ಬೀಜ ತಂದೆ, ಒಂದಕ್ಕೆ 80ರಂತೆ 640 ಗೋಲ್ಡ್. ಗೊಬ್ಬರ ನಾನೇ ಮಾಡಿ ಹಾಕಿದೆ. ಹನ್ನೆರಡು ದಿನ ನೀರು ಹೊತ್ತೆ. ಬೆರ್ಚಪ್ಪ ನಿಲ್ಲಿಸೋಣ ಅಂದರೆ 50 ಮರ, 20 ನಾರು ಇತ್ತು, ಒಂದೇ ಒಂದು ಇದ್ದಿಲು ಇರಲಿಲ್ಲ. ಅಷ್ಟರಲ್ಲಿ ಎರಡು ಗಿಡ ಕಾಗೆ ಪಾಲಾಯಿತು. 17ಕ್ಕೆ ಆರು ಕೈಗೆ ಬಂತು, ಅದರಲ್ಲಿ ಎರಡಕ್ಕೆ ಚಿನ್ನದ ನಕ್ಷತ್ರ. ಒಂದು ಸಮುದಾಯ ಭವನದ ಬಂಡಲ್‌ಗೆ ಹೋಯಿತು, ಒಂದು ಮಾರಿದೆ, ನಾಲ್ಕು ಮಾರುಗೆ ಕೊಟ್ಟೆ. ಆ ನಾಲ್ಕನ್ನು ಮಾರಿದ್ದರೆ 874 ಗೋಲ್ಡ್. ಕೊಟ್ಟಿದ್ದಕ್ಕೆ ಬೇಜಾರಿಲ್ಲ. ನಾವೇ ಬೆಳೆದಿದ್ದು ಕೊಡೋದು ಬೇರೆ, ಸಲೂನ್‌ನಿಂದ ಕೊಂಡು ತಂದು ಕೊಡೋದು ಬೇರೆ.

ಐದು ಬಾಟಲಿ:
ಕೊನೆಯ ಮಾತು ನನಗೇ ಹೇಳಿದ್ದು ಅಲ್ವಾ? ಬಿಯರ್‌ಗೆ ಕೊಟ್ಟ 2,000 ಗೋಲ್ಡ್ ಆಕಾಶದಿಂದ ಬೀಳಲಿಲ್ಲ ಸ್ವಾಮಿ. ಅದೂ ಆಲೂಗಡ್ಡೆ ಬೆಳೆದು, ಮಾರಿ ಬಂದ ದುಡ್ಡೇ. ನಾನೂ ನೀರು ಹೊತ್ತಿದ್ದೇನೆ.

ಬೋರ್ಡ್ ನೋಡುವವಳು:
ಹೂಕೋಸಿನ ಸಾಲು ಅವರೇ, ನಿಮ್ಮ ಲೆಕ್ಕ ಕೂಡುತ್ತಿಲ್ಲ. ಚಿನ್ನದ ನಕ್ಷತ್ರದ ಎರಡಕ್ಕೆ ಸಿಗೋ ಹೆಚ್ಚಿನ ಅಂಕವೂ ಸೇರಿ ನಾಲ್ಕು ಹೂಕೋಸಿಗೆ 360. ಅದಕ್ಕೂ ಮುಂಚೆ ಏನು ಕೊಟ್ಟಿರಿ, ಎಷ್ಟು ದಿನ ಮಾತಾಡಿಸಿದಿರಿ?

ಹೂಕೋಸಿನ ಸಾಲು:
ಗಣಿಯಿಂದ ತಂದ ಕ್ವಾರ್ಟ್ಜ್ ನಾಲ್ಕು ಕೊಟ್ಟೆ. ಮಾತು 21 ದಿನ. ನಡುವೆ ಅವಳೇ ಆಲೂಗಡ್ಡೆ ಬೇಕು ಅಂತ ಬೋರ್ಡಿನಲ್ಲಿ ಚೀಟಿ ಹಾಕಿದ್ದಳು, ಅದನ್ನೂ ತಲುಪಿಸಿದೆ.

ಬೋರ್ಡ್ ನೋಡುವವಳು:
ನೋಡಿ, ಕ್ವಾರ್ಟ್ಜ್ 180, ಮಾತು 420, ಹೂಕೋಸು 360. ಒಟ್ಟು 960. ಬೇಕಾಗಿದ್ದು 1,000. ನಿಮ್ಮನ್ನು ಕುಣಿಸಿದ್ದು ಆ ಆಲೂಗಡ್ಡೆ. ಪಿಯೆರ್ ಅಂಗಡಿ ಹೊರಗಿನ ಬೋರ್ಡಿನಲ್ಲಿ ಯಾರಾದರೂ ಸಾಮಾನು ಕೇಳಿದಾಗ ತಂದುಕೊಟ್ಟರೆ ಅವರ ಹತ್ತಿರ 150 ಅಂಕ ಸಿಗುತ್ತೆ. ಇಷ್ಟದ ಉಡುಗೊರೆ ಮೂರಕ್ಕಿಂತ ಜಾಸ್ತಿ. ಒಬ್ಬರಿಗೆ ವಾರಕ್ಕೆ ಎರಡೇ ಉಡುಗೊರೆ ಅನ್ನೋ ಮಿತಿಗೂ ಅದು ಸೇರಲ್ಲ. ಇದನ್ನ ಹೇಳದೆ ಬರೀ ಹೂಕೋಸು ಹೂಕೋಸು ಅಂದರೆ ಹೊಸಬರು ದುಡ್ಡು ಸುರಿದು ಕೊನೆಗೆ 40 ಅಂಕಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಹೂಕೋಸಿನ ಸಾಲು:
ಹೂಕೋಸು ಇರದಿದ್ದರೆ ಆಲೂಗಡ್ಡೆ ಒಂದರಿಂದ ಏನೂ ಆಗ್ತಿರಲಿಲ್ಲ. ಹನ್ನೆರಡು ದಿನ ಕಾದವನು ನಾನು. ಬೋರ್ಡಿನಲ್ಲಿ ಯಾರ ಚೀಟಿ ಬೀಳುತ್ತೋ ಯಾರಿಗೂ ಗೊತ್ತಿಲ್ಲ. ಅದನ್ನ ನಂಬಿ ಕೂರಿ ಅಂತ ಯಾರಿಗಾದರೂ ಹೇಳೋಕಾಗುತ್ತಾ?

ಬೋರ್ಡ್ ನೋಡುವವಳು:
ನಂಬಿ ಕೂರಿ ಅಂತ ನಾನು ಹೇಳಲಿಲ್ಲ. ದಿನಾ ನೋಡಿ ಅಂತ ಹೇಳ್ತಿದ್ದೇನೆ. ಮೊದಲ ವರ್ಷ ನಾನು ಒಂದು ದಿನ ಬೋರ್ಡ್ ಹತ್ತಿರ ಹೋಗಲಿಲ್ಲ. ಅವತ್ತೇ ನಾನು ಜೊತೆಗೆ ಕುಣಿಯಬೇಕು ಅಂದುಕೊಂಡಿದ್ದ ಹಾರ್ವಿ ಲೀಕ್ ಸೊಪ್ಪು ಕೇಳಿದ್ದ ಅಂತ ಆಮೇಲೆ ನನ್ನ ತಮ್ಮ ಹೇಳಿದ, ಅವನೂ ಅದೇ ಜಮೀನಿನಲ್ಲಿ ಜೊತೆಗೆ ಆಡುತ್ತಿದ್ದ. ಪೆಟ್ಟಿಗೆಯಲ್ಲಿ ಆರು ಲೀಕ್ ಇತ್ತು. 24ಕ್ಕೆ ನನಗೆ ಬರೀ ಮೂರು ಹಾರ್ಟ್.

ಮರುದಿನ ಬೇಡ:
ಡ್ಯಾಫೊಡಿಲ್ ಬುಟ್ಟಿ ಮೇಡಂ, ಒಂದು ಅರ್ಥ ಆಗ್ತಿಲ್ಲ. ಮಲಗಿದ ಮೇಲೆ ತಾನೇ ಆಟ ಸೇವ್ ಆಗೋದು? ತಪ್ಪು ಒತ್ತಿದ ತಕ್ಷಣ ಆಟ ಮುಚ್ಚಿ ಮತ್ತೆ ತೆರೆದಿದ್ದರೆ 14ರ ಬೆಳಗ್ಗೆಗೇ ಹೋಗುತ್ತಿದ್ದಿರಿ. ನಾನು ಹಾಗೇ ಮಾಡೋದು. ಗಣಿಯಲ್ಲಿ ಸತ್ತಾಗಲೂ ಅಷ್ಟೇ.

ಡ್ಯಾಫೊಡಿಲ್ ಬುಟ್ಟಿ:
ಗೊತ್ತಿತ್ತು. ಮಾಡಲಿಲ್ಲ. ಕೊಟ್ಟಿದ್ದು ಕೊಟ್ಟೆ. ಹಾಗೆ ದಿನ ಹಿಂದಕ್ಕೆ ಹಾಕಿ ಗಳಿಸಿದ ಕುಣಿತ ನನಗೆ ಬೇಡ. ಎರಡನೇ ವರ್ಷ ಹೇಲಿ ತಾನಾಗಿ ಹೂಂ ಅಂದಾಗ ನನ್ನ ಕಣ್ಣು ತುಂಬಿತ್ತು. ದಿನ ಅಳಿಸಿದ್ದರೆ ಆ ಕ್ಷಣ ಎಲ್ಲಿರುತ್ತಿತ್ತು?

ಮರುದಿನ ಬೇಡ:
ಮೌಸ್ ಜಾರಿದ್ದಕ್ಕೆ ಒಂದು ವರ್ಷ ಶಿಕ್ಷೆ ಅನುಭವಿಸಬೇಕಾ? ನಾನು ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡೋನು. ಆಟದ ಒಂದು ವರ್ಷ ಅಂದರೆ ನನಗೆ ಎರಡು ತಿಂಗಳು. ಇದನ್ನ ಮೋಸ ಅನ್ನಬೇಡಿ.

ಡ್ಯಾಫೊಡಿಲ್ ಬುಟ್ಟಿ:
ಮೋಸ ಅಂತ ನಾನು ಬರೆದಿಲ್ಲ. ಮೇಲೆ ಹೋಗಿ ಓದಿ.

ಎರಡು ಗಂಟೆ:
ಅಂಕ ಸೇರಿಸಿದ ಮೇಲೂ ತಪ್ಪುತ್ತೆ, ಅದನ್ನ ಯಾರೂ ಹೇಳ್ತಿಲ್ಲ. ನಾನು ಅಬಿಗೈಲ್‌ಗೆ ಎಂಟು ಅಮೆಥಿಸ್ಟ್ ಕೊಟ್ಟಿದ್ದೆ. ಎಂಟೂ ನಾನೇ ಗಣಿಯಲ್ಲಿ ಒಡೆದಿದ್ದು. ಅದಕ್ಕಾಗಿ ಎರಡು ಸಲ ಪ್ರಜ್ಞೆ ತಪ್ಪಿ ಬಿದ್ದೆ, ಒಂದು ಸಲ ಕತ್ತಿಯನ್ನೇ ಕಳೆದುಕೊಂಡೆ. 24ರ ಬೆಳಗ್ಗೆ ಇನ್ನೊಂದಿಷ್ಟು ತಾಮ್ರ ತರೋಣ ಅಂತ ಗಣಿಗೆ ಇಳಿದೆ. ಜಾಗಕ್ಕೆ ಬೆಳಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಮಾತ್ರ ಬಿಡೋದು. ಗಣಿ ಇರೋದು ಊರಿನ ಉತ್ತರಕ್ಕೆ. ಕುಣಿತ ಕಾಡಿನ ನೈಋತ್ಯ ಮೂಲೆಯಲ್ಲಿ, ಮಾಂತ್ರಿಕನ ಗೋಪುರದ ದಕ್ಷಿಣಕ್ಕೆ ಹೊಳೆ ದಾಟಿ. ಉಳಿದ ದಿನ ಅಲ್ಲಿಗೆ ದಾರಿಯೇ ಇಲ್ಲ, ಹಾಗಾಗಿ ಎಷ್ಟು ದೂರ ಅಂತ ಅಂದಾಜು ಇರಲಿಲ್ಲ. ಕುದುರೆ ಇಲ್ಲ, ನಡಿಗೆ. ಗೋಪುರ ಕಾಣಿಸುವ ಹೊತ್ತಿಗೆ 2 ದಾಟಿತು. ನಾಲ್ಕು ಹಾರ್ಟ್ ಇತ್ತು. ಕುಣಿತ ಇಲ್ಲ.

ಮರುವರ್ಷ 9ಕ್ಕೇ ಹೋದೆ. ಸೀದಾ ಊರಿನ ಮೇಯರ್ ಲ್ಯೂಯಿಸ್‌ನನ್ನು ಮಾತಾಡಿಸಿದೆ. ಶುರು ಮಾಡೋಣವಾ ಅಂದ, ಹೂಂ ಅಂದೆ. ಅಬಿಗೈಲ್‌ನನ್ನು ಕೇಳೋ ಮುಂಚೆಯೇ ಕುಣಿತ ಶುರುವಾಗಿ ಮುಗಿದುಹೋಯಿತು. ಮೊದಲು ಜೊತೆಗಾರರನ್ನು ಎರಡು ಸಲ ಮಾತಾಡಿಸಿ. ಕುಣೀತೀರಾ ಅನ್ನೋ ಪ್ರಶ್ನೆ ಎರಡನೇ ಸಲಕ್ಕೆ ಬರುತ್ತೆ. ಲ್ಯೂಯಿಸ್ ಎಲ್ಲಕ್ಕಿಂತ ಕೊನೆಗೆ.

ಬೆರ್ಚಪ್ಪ ಸಂಗ್ರಹ:
ಕುಣಿತಕ್ಕಿಂತ ಅಲ್ಲಿ ಪಿಯೆರ್ ಹಾಕುವ ಅಂಗಡಿ ಮುಖ್ಯ. 2,500 ಗೋಲ್ಡ್‌ಗೆ ಅಪರೂಪದ ಬೆರ್ಚಪ್ಪ ಕೊಡುತ್ತಾನೆ. ಅಂಥ ಎಂಟೂ ಸೇರಿಸಿದರೆ ದೊಡ್ಡ ಬೆರ್ಚಪ್ಪ ಮಾಡುವ ವಿಧಾನ ಸಿಗುತ್ತೆ. ನಾನು ಮೊದಲ ವರ್ಷ 2,410 ಇಟ್ಟುಕೊಂಡು ಹೋಗಿದ್ದೆ. 90 ಗೋಲ್ಡ್ ಕಮ್ಮಿ! ಹಿಂದಿನ ರಾತ್ರಿ ಸಲೂನ್‌ನಲ್ಲಿ ತಿಂದ ಬ್ರೆಡ್ಡಿಗೆ 120 ಕೊಟ್ಟಿದ್ದೆ.

ಐದು ಬಾಟಲಿ:
ಬೆರ್ಚಪ್ಪ ಪ್ರತಿ ವರ್ಷ ಸಿಗುತ್ತೆ. ಮೊದಲ ವರ್ಷದ ಕುಣಿತ ಒಂದೇ ಸಲ. ಅವರು ಕೇಳಿದ್ದು ಕುಣಿತದ ಬಗ್ಗೆ.

ಬೆರ್ಚಪ್ಪ ಸಂಗ್ರಹ:
ಅವರು ಕೇಳಿದ್ದು ಪೆನ್ನಿ ಬಗ್ಗೆ. ನೀವು ಶೇನ್ ಅಂದಿರಿ.

ಬೋರ್ಡ್ ನೋಡುವವಳು:
ಹೊಸ ಜಮೀನು ಅವರೇ, ನಿಮ್ಮದನ್ನ ಕೂಡಿಸಿ ನೋಡಿದೆ. ಎಂಟು ದಿನದ ಮಾತು 160, ಮೂರು ಡ್ಯಾಂಡೆಲಿಯನ್ 135. ಈಗ 295. ಮುಂದೆ ಕುಣಿತದ ದಿನ ಬಿಟ್ಟು ಹನ್ನೊಂದು ದಿನದ ಮಾತು 220. ಈ ವಾರ ಒಂದು ಉಡುಗೊರೆ ಬಾಕಿ, ಆಮೇಲೆ ಎರಡು, ಎರಡು. ಐದಕ್ಕೆ 225. ಎಲ್ಲಾ ಸೇರಿ 740. ಪೆನ್ನಿ ಪ್ರಾಣ ಬಿಡೋ ಪಾಪಿ ಹೂವು, ಕಲ್ಲಂಗಡಿ ಜಾತಿಯ ಮೆಲನ್ ಎರಡೂ ಬೇಸಿಗೆ ಬೆಳೆ. ಪಚ್ಚೆ ಸಿಗೋದು ಗಣಿಯ ಆಳದಲ್ಲಿ. ನಕ್ಷತ್ರ ಇರೋ ಲೀಕ್, ಡ್ಯಾಂಡೆಲಿಯನ್ ಆರಿಸಿ ಕೊಟ್ಟರೆ ಸ್ವಲ್ಪ ಏರುತ್ತೆ. ಐದಕ್ಕೂ ಚಿನ್ನದ ನಕ್ಷತ್ರ ಇದ್ದರೂ 800 ಮುಟ್ಟಲ್ಲ. ಬೋರ್ಡಿನಲ್ಲಿ ಅವಳ ಚೀಟಿ ಎರಡು ಸಲ ಬೀಳಬೇಕು. ಒಂದು ಸಲ ಸಾಲಲ್ಲ. ದುಡ್ಡಿನಿಂದ ಆಗೋ ಕೆಲಸ ಇದಲ್ಲ, ಹಾಗಾಗಿ ಆ 1,800ಕ್ಕೆ ಸ್ಟ್ರಾಬೆರಿ ಹಾಕಿ. ನಾಳೆ ಸಂಜೆಯೇ ನೆಟ್ಟರೆ 21ಕ್ಕೊಂದು, 25ಕ್ಕೊಂದು ಕೊಯ್ಲು ಸಿಗುತ್ತೆ.

ಹೂಕೋಸಿನ ಸಾಲು:
ನೆಲ ಇವತ್ತೇ ಅಗೆದು ಇಡಿ. ಹಬ್ಬ ಮುಗಿಸಿ ಬಂದಾಗ ರಾತ್ರಿ 10 ಆಗಿರುತ್ತೆ. ಬೆರ್ಚಪ್ಪ ಇದೆ ತಾನೆ?

ಹೊಸ ಜಮೀನು:
ಬೆರ್ಚಪ್ಪ ಇದೆ. 18 ಬೀಜ ತಗೊಂಡು ರಾತ್ರಿಯೇ ನೆಟ್ಟೆ, ನೀರೂ ಹಾಕಿದೆ. ಈಗ 14ರ ಬೆಳಗ್ಗೆ, ಬೋರ್ಡ್ ನೋಡಿ ಬಂದೆ. ಪೆನ್ನಿ ಚೀಟಿ! ಡ್ಯಾಫೊಡಿಲ್ ಬೇಕಂತೆ. ನನ್ನ ಬ್ಯಾಗಿನಲ್ಲಿ ಒಂದು ಇದೆ. ಇನ್ನೊಂದು ಚೀಟಿ ಬಿದ್ದರೆ ಸಾಕು ಅಲ್ವಾ?

ಬೋರ್ಡ್ ನೋಡುವವಳು:
890 ಆಯಿತು. ಇನ್ನೊಂದು ಬಿದ್ದರೆ 1,040. ಮೊದಲು ಬೋರ್ಡಿನಲ್ಲಿ ಚೀಟಿ ಒಪ್ಪಿಕೊಳ್ಳಿ, ಆಮೇಲೆ ಕೊಡಿ. ಒಪ್ಪದೆ ಕೊಟ್ಟರೆ ಬರೀ ಉಡುಗೊರೆ ಆಗಿಬಿಡುತ್ತೆ.

ಡ್ಯಾಫೊಡಿಲ್ ಬುಟ್ಟಿ:
ಹೋಗೋ ಮುಂಚೆ ಪಕ್ಕದ ಖಾನೆಯಲ್ಲಿ ಏನಿದೆ ಹೇಳಿ.

ಹೊಸ ಜಮೀನು:
ಹಾರ್ಸ್‌ರ‍್ಯಾಡಿಶ್. ಪೆಟ್ಟಿಗೆಗೆ ಹಾಕಿ ಬರುತ್ತೇನೆ.