‘ಪಾರ್ಟಿಕಲ್’ಗೆ ಚೀನೀಯಲ್ಲಿ ಯಾವ ಪದ: ಭೌತಶಾಸ್ತ್ರದ್ದೋ, ವ್ಯಾಕರಣದ್ದೋ?

ಪ್ರಶ್ನೆ
ವಿಜ್ಞಾನದ ಪಾಠ, ಭಾಷಾಪಾಠ ಎರಡೂ ಇರುವ ಆ್ಯಪ್ ಒಂದನ್ನು ಇಂಗ್ಲಿಷಿನಿಂದ ಸರಳೀಕೃತ ಚೀನೀಗೆ ತರುತ್ತಿದ್ದೇವೆ. ‘ಪಾರ್ಟಿಕಲ್’ ನಾಲ್ಕು ಕಡೆ ಬರುತ್ತದೆ: ಪರಮಾಣು, ಚಲನೆಯ ನಿಯಮಗಳು, ವಾಯುಮಾಲಿನ್ಯ, ಜಪಾನೀ ವ್ಯಾಕರಣ. ಅನುವಾದದ ಕಡತದಲ್ಲಿ ಮಾತ್ರ ಅದಕ್ಕೆ ಒಂದೇ ಸಾಲು. ಕನ್ನಡದಲ್ಲಿ ‘ಕಣ’, ‘ಅವ್ಯಯ’ ಎಂದು ಎರಡಾಗಿ ಒಡೆದರೆ ಸಾಕಾಯಿತು. ಚೀನೀಯಲ್ಲಿ?

ಉತ್ತರ 1
ನಾಲ್ಕಕ್ಕೂ ನಾಲ್ಕು ಪದ ಬೇಕು.

ಪರಮಾಣು ಪಾಠಕ್ಕೆ ‘ಲೀಝಿ’ (ಸ್ವರ 4, 3; ಅಂದರೆ ಪ್ರತಿ ಅಕ್ಷರವನ್ನು ಉಚ್ಚರಿಸುವ ದನಿಯ ಏರಿಳಿತದ ಸಂಖ್ಯೆ). ಮೊದಲ ಅಕ್ಷರದ ಎಡಭಾಗದಲ್ಲಿ ಅಕ್ಕಿಯ ಚಿಹ್ನೆ ಇರುತ್ತದೆ. ಎರಡನೆಯ ‘ಝಿ’ಯೇ ಪ್ರೋಟಾನಿನ ‘ಝಿಝಿ’, ನ್ಯೂಟ್ರಾನಿನ ‘ಝೋಂಗ್‌ಝಿ’, ಎಲೆಕ್ಟ್ರಾನಿನ ‘ದಿಯನ್‌ಝಿ’ಗಳ ಕೊನೆಯಲ್ಲೂ ಬರುವುದರಿಂದ ಇಡೀ ಬಳಗ ಓದುಗರಿಗೆ ಒಂದೇ ನೋಟಕ್ಕೆ ಸಿಗುತ್ತದೆ.

ಚಲನೆಯ ಪಾಠದಲ್ಲಿ ಇದನ್ನು ಹಾಕಿದರೆ ತಪ್ಪು. ಅಲ್ಲಿನದು ದ್ರವ್ಯರಾಶಿಯಿದ್ದೂ ಗಾತ್ರವಿಲ್ಲದ ಬಿಂದು. ಅದಕ್ಕೆ ‘ಝಿದಿಯನ್’ (4, 3). ಕಣಗಳ ವ್ಯವಸ್ಥೆ ಎಂದು ಬಂದರೆ ‘ಝಿದಿಯನ್‌ಶೀ’.

ಗಾಳಿಯ ದೂಳಿಗೆ ‘ಕೆಲೀವೂ’, ಪಿಎಂ 2.5 ಎಂದರೆ ‘ಶೀ ಕೆಲೀವೂ’, ಅಂದರೆ ಸೂಕ್ಷ್ಮ ಕಣವಸ್ತು. ತೈವಾನಿನ ಆವೃತ್ತಿಯೂ ಇದ್ದರೆ ಲಿಪಿ ಬದಲಿಸಿ ಸುಮ್ಮನಾಗಬೇಡಿ. ಅಲ್ಲಿ ರೂಢಿಯಲ್ಲಿರುವುದು ‘ಶೀ ಶ್ಯುವನ್‌ಫೂ ವೇಯ್‌ಲೀ’, ತೇಲುವ ಸೂಕ್ಷ್ಮ ಕಣ.

ಸಂಶಯ ಬಂದಾಗ ಚೀನಾದ ರಾಷ್ಟ್ರೀಯ ಪಾರಿಭಾಷಿಕ ಪದ ಸಮಿತಿಯ (ಸ್ಥಾಪನೆ 1985) ಆನ್‌ಲೈನ್ ಪದಕೋಶ ನೋಡಿ. ಅಲ್ಲಿ ಪದಗಳು ಶಾಸ್ತ್ರವಾರು ಬೇರೆಬೇರೆಯಾಗಿ ಸಿಗುತ್ತವೆ.

ಉತ್ತರ 2
ವ್ಯಾಕರಣದ ಕಡೆಯೂ ಒಂದೇ ಪದ ಸಾಲದು. ಜಪಾನಿಯ ‘ವಾ’, ‘ಗಾ’, ‘ಒ’ಗಳಿಗೆ ‘ಝೂತ್ಸಿ’ (4, 2), ಅಂದರೆ ಸಹಾಯಕ ಪದ. ಜಪಾನೀಯರು ‘ಜೊಶಿ’ ಎಂದು ಓದುವುದೂ ಇದೇ ಎರಡು ಅಕ್ಷರಗಳನ್ನೇ. ನಿಮ್ಮ ಪಾಠಕ್ಕೆ ಇದು ಸರಿ. ಚೀನೀಯದೇ ಆದ ‘ದ’, ‘ಲ’, ‘ಗುವೊ’ಗಳಿಗೂ ಇದೇ ಹೆಸರು. ಪ್ರಶ್ನೆಯ ‘ಮಾ’, ಸಲಹೆಯ ‘ಬಾ’ಗಳನ್ನು ‘ಯೂಚಿತ್ಸಿ’, ಅಂದರೆ ಮಾತಿನ ಭಾವ ತಿಳಿಸುವ ಪದ, ಎಂದು ಹಲವರು ಬೇರೆ ಇಡುತ್ತಾರೆ.

ಇಂಗ್ಲಿಷಿನ ‘ಗಿವ್ ಅಪ್’ನಲ್ಲಿರುವ ‘ಅಪ್’ಗೆ ಮಾತ್ರ ‘ಶಿಯಾವ್‌ಪಿನ್‌ತ್ಸಿ’. ಅಲ್ಲಿ ‘ಝೂತ್ಸಿ’ ಎಂದರೆ ಚೀನೀ ಓದುಗರು ‘ದ’, ‘ಲ’ಗಳಂಥದ್ದನ್ನು ಹುಡುಕಿ ಗೊಂದಲಕ್ಕೆ ಬೀಳುತ್ತಾರೆ. ‘ಝೂದೋಂಗ್‌ತ್ಸಿ’ಯೊಂದಿಗೂ ಬೆರೆಸಬೇಡಿ, ಅದು ಸಹಾಯಕ ಕ್ರಿಯಾಪದ.

ಉತ್ತರ 3
ಕಡತದ ಬಗ್ಗೆ: ಗೆಟ್‌ಟೆಕ್ಸ್ಟ್‌ನಲ್ಲಿ (ತಂತ್ರಾಂಶದ ಅನುವಾದಕ್ಕೆ ಬಳಸುವ ಸಾಧನ) ಮೂಲಪದ ಒಂದೇ ಆದರೆ ನಾಲ್ಕು ಬಳಕೆಯೂ ಒಂದು ಸಾಲಿಗೆ ಸೇರಿಕೊಳ್ಳುತ್ತವೆ, ಅನುವಾದಕರು ಏನೂ ಮಾಡಲಾಗದು. ಪ್ರೋಗ್ರಾಮರ್‌ಗೆ ಹೇಳಿ ಪ್ರತಿಯೊಂದಕ್ಕೂ ಸಂದರ್ಭದ ಗುರುತು (ಎಂಎಸ್‌ಜಿಸಿಟಿಎಕ್ಸ್‌ಟಿ) ಹಾಕಿಸಿ, ಪದಗಳನ್ನು ಮತ್ತೆ ಹೊರತೆಗೆಸಿ; ಆಗ ನಾಲ್ಕು ಸಾಲಾಗುತ್ತದೆ. ಗುರುತು ‘ಪಾಠ 7’ ಎಂದಿರದೆ ‘ವ್ಯಾಕರಣ, ಜಪಾನೀ’ ಎಂದಿರಲಿ. ಏಕವಚನಕ್ಕೂ ಬಹುವಚನಕ್ಕೂ ಚೀನೀಯಲ್ಲಿ ರೂಪ ಒಂದೇ, ಆದ್ದರಿಂದ ಕಡತದಲ್ಲಿ ರೂಪಗಳ ಸಂಖ್ಯೆ ಹೇಳುವ ಎನ್‌ಪ್ಲೂರಲ್ಸ್ 1.

ಟೈಪಿಸುವಾಗಲೂ ಎಚ್ಚರ ಬೇಕು. ಪಿನ್‌ಯಿನ್‌ನಲ್ಲಿ (ಚೀನೀಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಕ್ರಮ) ‘ಲಿಝಿ’ ಒತ್ತಿದರೆ ‘ಉದಾಹರಣೆ’, ‘ಚೆಸ್ಟ್‌ನಟ್’, ‘ಪ್ಲಮ್ ಹಣ್ಣು’ ಎಂಬ ಅರ್ಥದ ಪದಗಳೂ ಪಟ್ಟಿಯಲ್ಲಿ ಬರುತ್ತವೆ. ‘ಝೂತ್ಸಿ’ಗೆ ಸ್ವರವೂ ಅದೇ ಇರುವ ಇನ್ನೊಂದು ಪದವಿದೆ: ಶುಭಾಶಯ ಭಾಷಣ. ಕಾಗುಣಿತ ಪರೀಕ್ಷಕ ಇವನ್ನು ಹಿಡಿಯುವುದಿಲ್ಲ, ಏಕೆಂದರೆ ಎಲ್ಲವೂ ನಿಜವಾದ ಪದಗಳೇ. ಕಣ್ಣಿಟ್ಟೇ ನೋಡಬೇಕು.

ಪ್ರಶ್ನೆ ಕೇಳಿದವರು
ಧನ್ಯವಾದ. ಮುಂದೆ ಕನ್ನಡ ಪಾಠವೂ ಸೇರಲಿದೆ. ‘ನಾನೂ’, ‘ನಾನೇ’ಗಳ ಊ, ಏಗಳನ್ನೂ ಇಂಗ್ಲಿಷ್ ಪಠ್ಯ ಪಾರ್ಟಿಕಲ್ ಎನ್ನುತ್ತದೆ.

ಉತ್ತರ 2
ಅವು ಪದಕ್ಕೆ ಅಂಟಿಕೊಂಡೇ ಬರುವುದರಿಂದ ‘ಫೂಝುವೊತ್ಸಿ’, ಅಂಟುಪದ, ಹೆಚ್ಚು ನಿಖರ. ಮಕ್ಕಳ ಪಾಠವಾದರೆ ‘ಝೂತ್ಸಿ’ ಎಂದೇ ಬರೆದು, ಹಿಂದಿನ ಪದಕ್ಕೆ ಸೇರಿಸಿ ಬರೆಯುತ್ತಾರೆ ಎಂಬ ವಿವರಣೆ ಕೊಡಿ. ‘ಊ’ಗೆ ಸಮಾನವಾದ ಚೀನೀ ‘ಯೇ’ ಅಲ್ಲಿನ ವ್ಯಾಕರಣದಲ್ಲಿ ಕ್ರಿಯಾವಿಶೇಷಣ, ಕ್ರಿಯಾಪದಕ್ಕಿಂತ ಮುಂಚೆ ಬರುತ್ತದೆ. ಆದ್ದರಿಂದ ‘ನಾನೂ ಬಂದೆ’, ‘ನಾನು ಬಂದೂ ಬಂದೆ’ಗಳನ್ನು ಯಾಂತ್ರಿಕವಾಗಿ ‘ಯೇ’ಗೆ ಜೋಡಿಸಬೇಡಿ, ಎರಡನೆಯದಕ್ಕೆ ವಾಕ್ಯವನ್ನೇ ಬೇರೆ ಕಟ್ಟಬೇಕು.