ಅಪ್‌ಡೇಟ್: ಪರದೇಶದಲ್ಲಿ ಇಬ್ಬರ ಸಂಬಳ, ಒಂದು ಮನೆಯ ಖರ್ಚು

ಹೊರದೇಶದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವಾಗ, ಸಂಬಳದಲ್ಲಿ ಹೆಚ್ಚುಕಡಿಮೆ ಇದ್ದರೆ ಮನೆ ಖರ್ಚು ಹಂಚಿಕೊಳ್ಳುವುದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಕೊನೆಗೆ ನಿಂತ ಲೆಕ್ಕ ಇದು.

ಅರ್ಧರ್ಧ ಬೇಡ. ತೆರಿಗೆ ಕಳೆದು ಕೈಗೆ ಬರುವ ಸಂಬಳದ ಅನುಪಾತದಲ್ಲಿ ಹಾಕುವುದೇ ನ್ಯಾಯ. ಒಬ್ಬರಿಗೆ 3,000, ಇನ್ನೊಬ್ಬರಿಗೆ 2,000 ಬಂದರೆ 60:40. ತಿಂಗಳ ಖರ್ಚು 2,500 ಇದ್ದರೆ 1,500 ಮತ್ತು 1,000. ಸಂಬಳ ಬಂದ ಮರುದಿನವೇ ಅಷ್ಟು ಹಣ ತಾನಾಗಿ ಜಂಟಿ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ವ್ಯವಸ್ಥೆ ಮಾಡಿಡಬೇಕು. ಬಾಡಿಗೆ, ಕರೆಂಟು, ಇಂಟರ್ನೆಟ್, ದಿನಸಿ ಎಲ್ಲ ಅಲ್ಲಿಂದಲೇ.

ಎಡವಟ್ಟಾಗುವುದು ತಾರೀಕಿನಲ್ಲಿ. ಬಾಡಿಗೆ 1ಕ್ಕೆ ಕಡಿತವಾಗಿ ಸಂಬಳ 5ಕ್ಕೆ ಬಂದರೆ ಪಾವತಿ ವಾಪಸಾಗಬಹುದು, ಮೇಲೆ ದಂಡ. ಹಾಗಾಗಿ ಮೊದಲು ಒಂದು ತಿಂಗಳ ಖರ್ಚು ಜಂಟಿ ಖಾತೆಯಲ್ಲಿ ಮುಟ್ಟದೆ ಇರಲಿ. ವೀಸಾ ನವೀಕರಣ, ವಿಮೆ, ಊರಿಗೆ ಹೋಗುವ ಟಿಕೆಟ್ ಇವುಗಳ ವರ್ಷದ ಮೊತ್ತವನ್ನು 12ರಿಂದ ಭಾಗಿಸಿ ಪ್ರತಿ ತಿಂಗಳೂ ಎತ್ತಿಡಬೇಕು.

ಇಬ್ಬರಿಗೂ ಸ್ವಂತ ಖಾತೆ ಇರಲೇಬೇಕು, ಇದರಲ್ಲಿ ರಾಜಿ ಬೇಡ. ಒಬ್ಬರ ವೀಸಾ ಇನ್ನೊಬ್ಬರ ಕೆಲಸಕ್ಕೆ ಕಟ್ಟಿಕೊಂಡಿದ್ದರೆ, ಆ ಒಂದು ಕೆಲಸ ಹೋದರೆ ಇಬ್ಬರ ವಾಸಕ್ಕೂ ಕುತ್ತು. ಆಗ ಕನಿಷ್ಠ 3 ತಿಂಗಳ ಖರ್ಚು ಕೈಯಲ್ಲಿರಬೇಕು. ಬಾಡಿಗೆ ಕರಾರಿನಲ್ಲೂ ಇಬ್ಬರ ಹೆಸರು ಹಾಕಿಸಿ. ಹೆಸರಿಲ್ಲದವರಿಗೆ ಮುಂದೆ ವಿಳಾಸದ ಪುರಾವೆ ತೋರಿಸುವುದೇ ಕಷ್ಟ. ಅಪ್ಪ ಅಮ್ಮನಿಗೆ ಕಳಿಸುವ ಹಣ ಮಾತ್ರ ಅವರವರ ಖಾತೆಯಿಂದಲೇ ಹೋಗಲಿ.